ಕಾರಿನಲ್ಲಿ ಹಾಡದ ಪೆನ್‌ಡ್ರೈವ್

ಪ್ರಶ್ನೆ: 64 ಜಿಬಿ ಪೆನ್‌ಡ್ರೈವ್‌ಗೆ ಹಳೆಯ ಚಿತ್ರಗೀತೆಗಳನ್ನು ತುಂಬಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಹಾಡುತ್ತವೆ, ಕಾರಿನ ಸ್ಟೀರಿಯೊ ಗುರುತಿಸುವುದೇ ಇಲ್ಲ. ಪೆನ್‌ಡ್ರೈವ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಾರದು. 64 ಜಿಬಿಯವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ (ಫೈಲ್‌ಗಳನ್ನು ಜೋಡಿಸಿಡುವ ಒಂದು ವಿಧಾನ) ಬರುತ್ತವೆ. ಹಳೆಯ ಸ್ಟೀರಿಯೊಗಳಲ್ಲಿ ಹಲವು ಓದುವುದು ಫ್ಯಾಟ್32 ಎಂಬ ಹಳೆಯ ವಿಧಾನ ಮಾತ್ರ. ಮೊದಲು ಹಾಡುಗಳನ್ನು ಲ್ಯಾಪ್‌ಟಾಪ್‌ಗೆ ನಕಲು ಮಾಡಿಕೊಳ್ಳಿ, ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ. ವಿಂಡೋಸ್‌ನ ಹೆಚ್ಚಿನ ಆವೃತ್ತಿಗಳಲ್ಲಿ ಬಲ ಕ್ಲಿಕ್ ಮಾಡಿ ಫಾರ್ಮ್ಯಾಟ್ ಒತ್ತಿದರೆ, 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆಯೇ ಕಾಣದು. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ‘ನಾನ್ ಬೂಟೆಬಲ್’ ಆರಿಸಿ, ಫೈಲ್ ಸಿಸ್ಟಮ್ ಫ್ಯಾಟ್32 ಮಾಡಿ.

ಆಮೇಲೂ ಕೆಲವು ಹಾಡು ಬಾರದಿದ್ದರೆ ಅವು ಫ್ಲ್ಯಾಕ್ ಅಥವಾ ಎಂ4ಎ ಎಂಬ ಬೇರೆ ಬಗೆಯ ಆಡಿಯೊ ಫೈಲ್‌ಗಳಿರಬಹುದು. ಎಂಪಿ3ಗೆ ಬದಲಿಸಿ, ಧ್ವನಿಯ ಗುಣಮಟ್ಟಕ್ಕೆ 192 ಕೆಬಿಪಿಎಸ್ ಧಾರಾಳವಾಯಿತು. ಕನ್ನಡ ಹೆಸರುಗಳು ಬರೀ ಚೌಕಗಳಾಗಿ ಕಂಡರೆ ಸ್ಟೀರಿಯೊದಲ್ಲಿ ಕನ್ನಡ ಫಾಂಟ್ ಇಲ್ಲವೆಂದರ್ಥ. ಬೇಸರದ ಸಂಗತಿ, ಆದರೆ ಟ್ಯಾಗನ್ನು (ಫೈಲ್‌ನೊಳಗೆ ಬರೆದಿರುವ ಹಾಡಿನ ಹೆಸರು ಮುಂತಾದ ವಿವರ) ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯದೆ ಗತಿಯಿಲ್ಲ.