ಗ್ಯಾರೇಜ್ ಕಟ್ಟೆ: ಜೀಪಿನ ಚಾಸಿ ಮೇಲೆ 1932ರ ರೋಡ್‌ಸ್ಟರ್ ಕೂರುತ್ತದಾ?

ಕುಂಬಳೆಯ ಲೇತ್ ವರ್ಕ್‌ಶಾಪಿನಿಂದ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಣ್ಣಾ, ನಮ್ಮ ಅಡಿಕೆ ಶೆಡ್ಡಿನ ಹಿಂದೆ ಅಪ್ಪನ ಕಾಲದ ಮಹೀಂದ್ರ ಎಂಎಂ 540 ಜೀಪು ನಿಂತಿದೆ. ಬಾಡಿ ಪೂರ್ತಿ ತುಕ್ಕು. ಚಾಸಿ ಗಟ್ಟಿ ಉಂಟು, ಆರ್‌ಸಿಯೂ ಉಂಟು. ಅಮೆರಿಕದ ಡೋನ್ ಸ್ಪೆನ್ಸರ್ ಅವರ ಕಪ್ಪು ಬಣ್ಣದ, ಮೇಲೆ ತೆರೆದ ಎರಡು ಸೀಟಿನ 1932ರ ಫೋರ್ಡ್ ರೋಡ್‌ಸ್ಟರಿನ ಫೋಟೊ ನೋಡಿದಾಗಿನಿಂದ ಅಂಥದ್ದೇ, ವೇಗಕ್ಕೆ ಅಂತ ಬದಲಾಯಿಸಿದ ಹಳೇ ಕಾರಿನ ಮಾದರಿಯ ಒಂದು ಹಾಟ್‌ರಾಡ್ ಕಟ್ಟುವ ಆಸೆ. ಇದೇ ಚಾಸಿಗೆ ಬಾಡಿ ಕೂರಿಸಬಹುದಾ? ಆಮೇಲೆ ಹೈವೇಯಲ್ಲಿ ಬೇಕಲದವರೆಗೆ ಓಡಿಸಬಹುದಾ?
– ಓದುಗರು, ಪೆರ್ಲ

ಉತ್ತರ: ಬೇಕಲದ ವಿಷಯ ಮೊದಲು ಮುಗಿಸೋಣ. ಓಡಿಸುವಂತಿಲ್ಲ. ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಆ ಪ್ರಕರಣ ಹೋದದ್ದೂ ನಮ್ಮ ಕೇರಳದಿಂದಲೇ. ನಿಮ್ಮ ಆರ್‌ಸಿ ಜೀಪಿನದ್ದು, ರೋಡ್‌ಸ್ಟರಿನದ್ದಲ್ಲ. ಹಾಗಾಗಿ ಕಟ್ಟುವುದಾದರೆ ನಿಮ್ಮ ತೋಟದ ದಾರಿಗೆ, ಪ್ರದರ್ಶನಕ್ಕೆ, ಖಾಸಗಿ ಮೈದಾನಕ್ಕೆ ಅಂತಲೇ ಕಟ್ಟಿ. ಅಷ್ಟಕ್ಕೆ ಮನಸ್ಸು ಒಪ್ಪಿದರೆ ಮುಂದೆ ಓದಿ.

ನೀವು ಆರಿಸಿದ ಕಾರು ನನಗೂ ಬಹಳ ಇಷ್ಟ. 1997ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಹಳೇ ಕಾರುಗಳ ಪ್ರದರ್ಶನದಲ್ಲಿ ಮೊದಲ ಸಲ ಹಾಟ್‌ರಾಡ್‌ಗಳಿಗೆ ಅಂತ ಒಂದು ವಿಭಾಗ ಮಾಡಿದರು. ಅದರಲ್ಲಿ ಗೆದ್ದದ್ದು ಇದೇ ಕಾರು. ಅದರಲ್ಲಿ ಥಳಕು ಬಹಳ ಕಡಿಮೆ. ಮಡ್ಗಾರ್ಡ್ ಇಲ್ಲ. ಮುಂದೆ ಎರಡು ಗಾಜು ನಡುವೆ ಸೇರಿ ಹಿಂದಕ್ಕೆ ವಾಲಿದ ಡುವಾಲ್ ವಿಂಡ್‌ಶೀಲ್ಡ್. ಸ್ಪೆನ್ಸರ್ ಇದನ್ನು ಮೆಕ್ಸಿಕೊದ ಕರೆರಾ ಪಾನಮೆರಿಕಾನಾ ರೇಸಿಗೆ ಅಂತ ಬದಲಾಯಿಸಲು ಹೊರಟವರು. ಅಲ್ಲಿಯ ಕೆಟ್ಟ ರಸ್ತೆಗೆ ತಗಲಬಾರದು ಅಂತ ಸೈಲೆನ್ಸರ್ ಪೈಪನ್ನು ಚಾಸಿಯ ಅಡಿಯಲ್ಲಿ ನೇತುಹಾಕದೆ ಚಾಸಿಯೊಳಗಿಂದಲೇ ಹಾಯಿಸಿದರು. ಈ ಒಂದು ಕೆಲಸವನ್ನು ನೀವು ತಪ್ಪದೆ ನಕಲು ಮಾಡಿ. ನಮ್ಮ ತೋಟದ ಮುರಕಲ್ಲಿನ ದಾರಿಯಲ್ಲಿ ತಗ್ಗಿದ ಗಾಡಿಯ ಪೈಪು ಮೊದಲ ದಿನವೇ ಕಿತ್ತು ಬರುತ್ತದೆ.

ಈಗ ಚಾಸಿ. 1932ರ ಫೋರ್ಡಿನ ವೀಲ್‌ಬೇಸ್ 106 ಇಂಚು (ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ಅಳತೆ). ನಿಮ್ಮ ಜೀಪಿನದ್ದು 91. ಹದಿನೈದು ಇಂಚು ಕಡಿಮೆ. ಮಧ್ಯೆ ತುಂಡು ಸೇರಿಸಿ ಉದ್ದ ಮಾಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಬಲದ ಪ್ರಶ್ನೆ ಒಂದು. ಇನ್ನೊಂದು, ನೋಟ. 1932ರ ಫೋರ್ಡಿನಲ್ಲಿ ಚಾಸಿಯ ಉದ್ದದ ಪಟ್ಟಿ ಬಾಡಿಯ ಕೆಳಗೆ ಹೊರಗೇ ಕಾಣುತ್ತದೆ. ಅದರ ಹೊರಮೈಯಲ್ಲಿ ಹಿಂದಿನಿಂದ ಮುಂದಕ್ಕೆ ಒಂದು ಒತ್ತುಗೆರೆ ಓಡುತ್ತದೆ, ಮುಂದೆ ಬಂದ ಹಾಗೆ ಪಟ್ಟಿ ಕಿರಿದಾಗಿ ಬಾಗುತ್ತದೆ. ಆ ಕಾರಿನ ಅಂದ ಅರ್ಧಕ್ಕರ್ಧ ಆ ಗೆರೆಯಲ್ಲಿದೆ. ಜೀಪಿನ ನೇರ ಚಾಸಿ ಮೇಲೆ ಎಷ್ಟು ಚಂದದ ಬಾಡಿ ಕೂರಿಸಿದರೂ ಕೆಳಗೆ ಜೀಪೇ ಕಾಣುತ್ತದೆ. ಚಾಸಿ ಪಟ್ಟಿಗಳನ್ನು ಹೊಸದಾಗಿ ಮಾಡಿಸಿ. ಜೀಪಿನಿಂದ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಸ್ಟೇರಿಂಗ್ ಬಾಕ್ಸ್, ಹೈಡ್ರಾಲಿಕ್ ಬ್ರೇಕು ಮಾತ್ರ ತಗೊಳ್ಳಿ. ಅಪ್ಪನ ಚಾಸಿಯನ್ನು ಕತ್ತರಿಸದೆ ಹಾಗೇ ಇಡಿ.

ಆರಂಭದ ಫೋರ್ಡುಗಳಲ್ಲಿ ಬ್ರೇಕು ರಾಡಿನದ್ದು. 1939ರಲ್ಲಿ ಫೋರ್ಡ್ ಹೈಡ್ರಾಲಿಕ್ ತಂದ ಮೇಲೆ ಹಾಟ್‌ರಾಡ್ ಹುಡುಗರೆಲ್ಲ ಅದನ್ನು ಬಿಚ್ಚಿ ತಮ್ಮ ಹಳೇ ಕಾರಿಗೆ ಹಾಕಿಕೊಂಡರು. ಹಾಗಾಗಿ ಜೀಪಿನ ಡ್ರಮ್ ಬ್ರೇಕು ಹಾಕಿದರೆ ನೀವು ಸಂಪ್ರದಾಯ ಬಿಟ್ಟ ಹಾಗೆ ಆಗುವುದಿಲ್ಲ, ಹಿಡಿದ ಹಾಗೇ ಆಗುತ್ತದೆ.

ಚಕ್ರದ ವಿಷಯದಲ್ಲಿ ನಿಮಗೆ ಭಾಗ್ಯವೇ ಉಂಟು ಮಾರಾಯ್ರೆ. 1932ರ ಫೋರ್ಡಿನ ಚಕ್ರಕ್ಕೆ ಐದು ಬೋಲ್ಟು, ಅವು ಕೂರುವ ವೃತ್ತದ ಅಡ್ಡಳತೆ ಐದೂವರೆ ಇಂಚು. ಜೀಪಿಗೂ ಅದೇ. ಹಾಟ್‌ರಾಡಿನ ನಿಲುವು ಬರುವುದು ಮುಂದೆ ಸಣ್ಣ, ಹಿಂದೆ ದೊಡ್ಡ ಟೈರಿನಿಂದ. ಹಳೇ ಜೀಪಿನ 6.00-16 ಮುಂದೆ ಹಾಕಿ. ಟಾಟಾ 407 ಲಾರಿಯ 7.50-16 ಹಿಂದೆ. ಎರಡೂ ನಮ್ಮ ಊರಲ್ಲೇ ಸಿಗುವ ಸೈಜು, ಎರಡೂ ಆ ಕಾಲದ ಎತ್ತರದ, ಕಿರಿದಾದ ಟೈರು. ಅಗಲದ ಅಲಾಯ್ ವೀಲ್ ತೋರಿಸಿ ಯಾರಾದರೂ ಆಸೆ ಹುಟ್ಟಿಸಿದರೆ ಕೇಳಬೇಡಿ. ಅಲ್ಲಿಗೆ ಕೆಲಸ ಕೆಟ್ಟ ಹಾಗೇ.

ಮುಂದಿನ ಆಕ್ಸಲ್ಲಿಗೆ ಹಣ ಕೂಡಿಸಿಡಿ. ಜೀಪಿನ ಮುಂದಿನ ಆಕ್ಸಲ್ಲಿನಲ್ಲಿ ಡಿಫರೆನ್ಶಿಯಲ್ ಉಂಟಲ್ವಾ, ಅದು ಭಾರ, ನೋಡಲೂ ದಪ್ಪ. ಫೋರ್ಡಿನದ್ದು ಒಂದೇ ತುಂಡಿನ ಐ ಆಕಾರದ ಆಕ್ಸಲ್, ಅದರ ಮೇಲೆ ಅಡ್ಡಕ್ಕೆ ಒಂದೇ ಪ್ಲೇಟ್ ಸೆಟ್ಟು (ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್). ಕಾರು ತಗ್ಗಲಿ ಅಂತ ಎರಡು ತುದಿ ಮೇಲಕ್ಕೆ ಬಾಗಿಸಿದ ಆಕ್ಸಲನ್ನು ಅಮೆರಿಕದಲ್ಲಿ ಇಂದಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ತರಿಸಿದರೆ ಅದೊಂದನ್ನು ತರಿಸಿ. ಪ್ಲೇಟ್ ಸೆಟ್ಟು ಮಂಗಳೂರಿನ ಪ್ಲೇಟ್ ಅಂಗಡಿಯವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಆದರೆ ಪೈಪು ಬಗ್ಗಿಸಿ ವೆಲ್ಡ್ ಮಾಡಿದ ಆಕ್ಸಲ್ ಬೇಡವೇ ಬೇಡ. ಅಂಥದ್ದನ್ನು ತುದಿ ತಿರುಗಿಸಿಕೊಡಿ ಅಂತ ನನ್ನ ಲೇತ್‌ಗೆ ತಂದರೆ ನಾನು ಮುಟ್ಟುವುದಿಲ್ಲ. ಅದು ತುಂಡಾದ್ರೆ ಸ್ಟೇರಿಂಗ್ ಕೈಯಲ್ಲಿದ್ದರೂ ಇಲ್ಲದ ಹಾಗೆ.

ಎಂಜಿನ್? ನಿಮ್ಮ ಡೀಸೆಲ್ ಎಂಜಿನ್ ಎತ್ತರ, ಶಬ್ದವೂ ಬೇರೆ. ಹಳೇ ಪೆಟ್ರೋಲ್ ಜೀಪುಗಳ ಹರಿಕೇನ್ ಎಂಜಿನ್ ಹುಡುಕಿ. ನಾಲ್ಕು ಸಿಲಿಂಡರ್, 2.2 ಲೀಟರ್, ನಿಮ್ಮ ಹಗುರ ಗಾಡಿಗೆ ಧಾರಾಳ ಸಾಕು. ಫೋರ್ಡ್ ವಿ8 ಹುಡುಕುತ್ತಾ ಕೂತರೆ ವರ್ಷಗಳು ಹೋಗುತ್ತವೆ.

ಬಾಡಿಗೆ 18 ಗೇಜ್ ತಗಡು. ವಿಂಡ್‌ಶೀಲ್ಡಿನ ಎರಡೂ ಗಾಜು ಚಪ್ಪಟೆಯಾಗಿಯೇ ಇರುವುದರಿಂದ ಲ್ಯಾಮಿನೇಟೆಡ್ ಗಾಜು ಕತ್ತರಿಸಿ ಕೂರಿಸುವುದು ಕಷ್ಟ ಅಲ್ಲ. ನೆನಪಿಡಿ, ಇದು ತೆರೆದ ಗಾಡಿ, ನಮ್ಮದು ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಊರು, ಮೇಲೆ ಉಪ್ಪುಗಾಳಿ. ಬಾಗಿಲಿನ ಒಳಭಾಗಕ್ಕೆ, ಚಾಸಿಯ ಒಳಮೈಗೆ ರೆಡ್ ಆಕ್ಸೈಡ್ ಹೊಡೆಸಿ. ಬಾಗಿಲಿನ ಅಡಿಯಲ್ಲಿ ನೀರು ಇಳಿಯಲು ತೂತು ಬಿಡಿ. ಹೊರಗಿನ ಪುಟ್ಟಿ, ಪಾಲಿಶ್ ಆಮೇಲೆ. ಟಿಂಕರಿಂಗ್ ಸರಿ ಇದ್ದರೆ ಪುಟ್ಟಿ ಜಾಸ್ತಿ ಬೇಕಾಗುವುದೂ ಇಲ್ಲ.

ಪ್ರಶ್ನೆ: ಅಜ್ಜನ 1930ರ ಫೋರ್ಡ್ ಮಾಡೆಲ್ ಎ ನಮ್ಮ ಮನೆಯಲ್ಲಿದೆ. ಹುಡ್ (ಮೇಲಿನ ಬಟ್ಟೆಯ ಮಾಡು) ಹರಿದಿದೆ, ಎಂಜಿನ್ ತಿರುಗುತ್ತದೆ. ಒಬ್ಬರು ಇದನ್ನು ಕತ್ತರಿಸಿ ಹಾಟ್‌ರಾಡ್ ಮಾಡಿಕೊಡುತ್ತೇನೆ ಅನ್ನುತ್ತಾರೆ. ಕೊಡಬಹುದಾ?
– ಓದುಗರು, ಹೊಸಂಗಡಿ

ಉತ್ತರ: ದಯವಿಟ್ಟು ಕೊಡಬೇಡಿ. ಅಮೆರಿಕದಲ್ಲಿ ಎರಡನೇ ಮಹಾಯುದ್ಧ ಮುಗಿದ ಕಾಲಕ್ಕೆ ಈ ಕಾರುಗಳು ಗುಜರಿಯಲ್ಲಿ ರಾಶಿ ಬಿದ್ದಿದ್ದವು. ಕೈಯಲ್ಲಿ ಕಾಸಿಲ್ಲದ ಹುಡುಗರು ಅವನ್ನು ಕತ್ತರಿಸಿ ಒಣ ಸರೋವರಗಳ ಬಯಲಲ್ಲಿ ಓಡಿಸಿದರು. ಅಲ್ಲಿ ಅದು ಸರಿ. ನಮ್ಮಲ್ಲಿ ಓಡುವ ಸ್ಥಿತಿಯಲ್ಲಿ ಉಳಿದದ್ದೇ ಕಡಿಮೆ. ಒಮ್ಮೆ ಕತ್ತರಿಸಿದ ಮೇಲೆ ಆ ತಗಡು ವಾಪಸ್ ಬರುವುದಿಲ್ಲ.

ಇನ್ನೊಂದು ಲಾಭವೂ ಉಂಟು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ದಿನನಿತ್ಯ ಪೇಟೆಗೆ ಓಡಿಸುವಂತಿಲ್ಲ. ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ರಸ್ತೆಗಿಳಿಸಬಹುದು. ಚಾಸಿಯನ್ನೋ ಬಾಡಿಯನ್ನೋ ಕತ್ತರಿಸಿದರೆ ಈ ದಾರಿ ಮುಚ್ಚಿತು. ಆ 40 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್ ಬಹಳ ಸರಳ, ಸಾಧಾರಣ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ. ಮೊದಲು ಹುಡ್ ಹೊಲಿಸಿ, ರೇಡಿಯೇಟರ್ ತೊಳೆಸಿ. ಎಂಜಿನ್ ತಲೆ ಬಿಚ್ಚುವ ಮೊದಲು ಒಮ್ಮೆ ನನ್ನನ್ನು ಕರೆಯಿರಿ, ಬಂದು ನೋಡುತ್ತೇನೆ.

ಪ್ರಶ್ನೆ: ಫೋರ್ಡಿನ ಹಳೇ ಫ್ಲಾಟ್‌ಹೆಡ್ ವಿ8 ಯಾಕೆ ಅಷ್ಟು ಬೇಗ ಬಿಸಿಯಾಗುತ್ತದೆ?
– ವಿದ್ಯಾರ್ಥಿ, ಮುಳ್ಳೇರಿಯ

ಉತ್ತರ: ಅದರಲ್ಲಿ ವಾಲ್ವ್‌ಗಳು ತಲೆಯಲ್ಲಿಲ್ಲ, ಬ್ಲಾಕಿನಲ್ಲೇ ಇವೆ. ಸುಟ್ಟ ಹೊಗೆ ಹೊರಗೆ ಹೋಗಬೇಕಾದರೆ ಬ್ಲಾಕಿನೊಳಗೇ ಸಿಲಿಂಡರುಗಳ ಪಕ್ಕದಿಂದ ಹಾದು ಹೋಗಬೇಕು. ದಾರಿಯುದ್ದಕ್ಕೂ ಆ ಶಾಖ ಸುತ್ತಲಿನ ನೀರಿಗೆ ಇಳಿಯುತ್ತದೆ. 1932ರಲ್ಲಿ 221 ಕ್ಯೂಬಿಕ್ ಇಂಚು, 65 ಅಶ್ವಶಕ್ತಿ ಇದ್ದ ಎಂಜಿನ್ ಅದು. ಎಂಟು ಸಿಲಿಂಡರನ್ನು ಒಂದೇ ಎರಕದ ಬ್ಲಾಕಿನಲ್ಲಿ ಮಾಡಿ ಸಾಮಾನ್ಯ ಜನರ ಕೈಗೆ ಎಟಕುವ ಬೆಲೆಗೆ ಕೊಟ್ಟದ್ದು ದೊಡ್ಡ ಸಾಧನೆ, ಅದಕ್ಕೇ ಹಾಟ್‌ರಾಡಿನವರು ಇಂದಿಗೂ ಅದನ್ನು ಬಿಡುವುದಿಲ್ಲ. ಎಲ್ಲಾದರೂ ಅಂಥ ಎಂಜಿನ್ ಕೈಗೆ ಸಿಕ್ಕಿದರೆ ಮೊದಲು ಬ್ಲಾಕಿನ ನೀರಿನ ದಾರಿಗಳಲ್ಲಿ ಉಳಿದ ಎರಕದ ಮರಳು, ತುಕ್ಕು ಪೂರ್ತಿ ತೆಗೆಸಿ. ಎರಡು ನೀರಿನ ಪಂಪೂ ಸರಿ ಇದೆಯಾ ನೋಡಿ. ಆಮೇಲೆ ವಾಲ್ವ್ ಸೀಟಿನ ಹತ್ತಿರ ಬಿರುಕು ಇದೆಯಾ ಅಂತ ಪರೀಕ್ಷೆ ಮಾಡಿಸಿ. ಬಿರುಕು ಕಂಡರೆ ಆ ಬ್ಲಾಕಿಗೆ ಹಣ ಹಾಕುವ ಮೊದಲು ಎರಡು ಸಲ ಯೋಚಿಸಿ.