ಟೆಕ್ಸಸ್‌ನಲ್ಲಿದ್ದೇನೆ, ಪೂರ್ತಿ ಲೋಹದ ಪಿಸ್ತೂಲು ಕೊಳ್ಳಬೇಕು. ಯಾವುದು ತಗೊಳ್ಳಲಿ?

ನಿಮ್ಮ ಪ್ರಶ್ನೆ ಚುಟುಕಾಗಿ ಇಷ್ಟು: ಡಲ್ಲಾಸ್ ಹತ್ತಿರ ಇದ್ದೀರಿ, ಗ್ರೀನ್ ಕಾರ್ಡ್ ಬಂದಿದೆ, ಪ್ಲಾಸ್ಟಿಕ್ ಫ್ರೇಮಿನ ಪಿಸ್ತೂಲು ಹಿಡಿದರೆ ಆಟಿಕೆ ಅನ್ನಿಸುತ್ತೆ. ವಾರಾಂತ್ಯದಲ್ಲಿ ರೇಂಜಿಗೆ ಒಯ್ಯಲು, ಉಳಿದ ದಿನ ಮನೆಯಲ್ಲಿಡಲು ಒಂದು ಬೇಕು. ನಿಮ್ಮ ಹೆಂಡತಿಯೂ ಕಲಿಯುತ್ತಾರೆ. 1911, ಬೆರೆಟ್ಟಾ 92, ಸಿಗ್ ಪಿ226, ಸಿಝಡ್ 75, ಈ ನಾಲ್ಕರಲ್ಲಿ ಯಾವುದು ಅಂತ ಕೇಳಿದ್ದೀರಿ.

ನಾನು ಹೂಸ್ಟನ್‌ನಲ್ಲಿರುವವನು. ಈ ನಾಲ್ಕೂ ರೇಂಜಿನಲ್ಲಿ ಹಾರಿಸಿದ್ದೇನೆ. ನನ್ನ ಉತ್ತರ ಸಿಝಡ್ 75. ಆದರೆ ಒಂದು ಷರತ್ತು: ನಿಮ್ಮಿಬ್ಬರ ಬೆರಳೂ ಅದರ ಟ್ರಿಗರಿಗೆ ಸರಿಯಾಗಿ ಎಟುಕಬೇಕು.

ಮೊದಲು ಲೋಹದ ವಿಷಯ. ಗ್ಲಾಕ್‌ನಂಥ ಪ್ಲಾಸ್ಟಿಕ್ ಪಿಸ್ತೂಲಿನಲ್ಲೂ ಬ್ಯಾರೆಲ್ (ನಳಿಗೆ), ಅದರ ಮೇಲೆ ಹಿಂದೆಮುಂದೆ ಸರಿಯುವ ಸ್ಲೈಡ್, ಎರಡೂ ಉಕ್ಕೇ. ಗುಂಡು ಸಿಡಿದಾಗಿನ ಒತ್ತಡ ತಡೆಯುವುದು ಅವೇ. ಪ್ಲಾಸ್ಟಿಕ್ ಇರುವುದು ಕೆಳಗೆ, ನೀವು ಕೈಯಲ್ಲಿ ಹಿಡಿಯುವ ಫ್ರೇಮಿನಲ್ಲಿ. ಆಸ್ಟ್ರಿಯಾ ಸೇನೆ ಗ್ಲಾಕ್ 17 ಅನ್ನು ಒಪ್ಪಿಕೊಂಡಿದ್ದು 1982ರಲ್ಲಿ. ಅಷ್ಟು ವರ್ಷದಿಂದ ಆ ಫ್ರೇಮು ತಾಳಿಕೊಂಡು ಬಂದಿದೆ. ಹಾಗಾಗಿ ಲೋಹದ್ದು ಗಟ್ಟಿ, ಪ್ಲಾಸ್ಟಿಕ್ ಬೇಗ ಹಾಳು ಅನ್ನೋ ಲೆಕ್ಕದಲ್ಲಿ ಕೊಳ್ಳಬೇಡಿ. ಲೋಹದ ನಿಜವಾದ ಲಾಭ ತೂಕ. ಖಾಲಿ ಗ್ಲಾಕ್ 17 ಸುಮಾರು 630 ಗ್ರಾಂ, ಸಿಝಡ್ 75 ಸುಮಾರು 1 ಕೆಜಿ. ಅದೇ 9 ಎಂಎಂ ಗುಂಡು, ಆದರೆ ಭಾರದ ಪಿಸ್ತೂಲು ಕೈಯಲ್ಲಿ ಕಡಿಮೆ ಹಾರುತ್ತೆ. ಎರಡನೇ ಗುಂಡಿಗೆ ಗುರಿ ಬೇಗ ಕೂರುತ್ತೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಅದೇ ತೂಕ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವಾಗ ಶಾಪ. 9 ಎಂಎಂ ಗುಂಡು ಒಂದೊಂದೂ ಸುಮಾರು 12 ಗ್ರಾಂ. 16 ತುಂಬಿಸಿದರೆ ಇನ್ನೂ 200 ಗ್ರಾಂ ಹತ್ತಿರ ಸೇರಿತು. ನೀವು ರೇಂಜು, ಮನೆ ಅಂತ ಹೇಳಿದ್ದಕ್ಕೇ ಉಕ್ಕಿನ ಪಿಸ್ತೂಲಿಗೆ ಹೂಂ ಅಂತಿದ್ದೇನೆ. ದಿನಾ ಒಯ್ಯುವ ಯೋಚನೆ ಇದ್ದಿದ್ದರೆ ಬೇಡ ಅಂತಿದ್ದೆ.

ಇನ್ನೊಂದು ವಿಷಯ ಅಂಗಡಿಯವರು ತಾವಾಗಿ ಹೇಳೋದು ಕಡಿಮೆ. "ಆಲ್ ಮೆಟಲ್" ಅಂದರೆ ಎಲ್ಲಾ ಉಕ್ಕು ಅಂತಲ್ಲ. ನಿಮ್ಮ ಪಟ್ಟಿಯಲ್ಲಿ ಸಾಮಾನ್ಯ 1911 ಮತ್ತು ಸಿಝಡ್ 75 ಬಿ, ಈ ಎರಡರ ಫ್ರೇಮು ಮಾತ್ರ ಉಕ್ಕು. ಬೆರೆಟ್ಟಾ 92 ಮತ್ತು ಮಾಮೂಲಿ ಪಿ226ರ ಫ್ರೇಮು ಅಲ್ಯೂಮಿನಿಯಂ ಮಿಶ್ರಲೋಹ. ಅದೇನೂ ಕಳಪೆಯಲ್ಲ. ಬೆರೆಟ್ಟಾವನ್ನು ಅಮೆರಿಕದ ಸೇನೆ 1985ರಲ್ಲಿ ಎಂ9 ಅಂತ ತಗೊಂಡು ಮೂವತ್ತು ವರ್ಷಕ್ಕೂ ಜಾಸ್ತಿ ಬಳಸಿತು. ತಮಾಷೆ ಅಂದರೆ, ಈಗಿನ 92ಎಫ್ಎಸ್ ಬಿಚ್ಚಿದರೆ ಸ್ಪ್ರಿಂಗಿನ ಒಳಗಿನ ಗೈಡ್ ರಾಡೇ ಪ್ಲಾಸ್ಟಿಕ್! ಕೆಲಸಕ್ಕೆ ಏನೂ ತೊಂದರೆಯಿಲ್ಲ. ಪ್ಲಾಸ್ಟಿಕ್ ಕಂಡರಾಗದವರಿಗೆ ಮಾತ್ರ ಕಿರಿಕಿರಿ. ನೀವು ದೂರ ಇಡಬೇಕಾದ ಲೋಹ ಬೇರೆ ಇದೆ. ತೀರಾ ಅಗ್ಗದ ಕೆಲವು ಪಿಸ್ತೂಲುಗಳ ಸ್ಲೈಡು, ಫ್ರೇಮು ಸತುವಿನ ಎರಕ. ಹಿಡಿದರೆ ಭಾರವಾಗಿ ಗಟ್ಟಿಮುಟ್ಟು ಅನ್ನಿಸುತ್ತೆ. ಉಕ್ಕಿನ ಬಾಳಿಕೆ ಅದಕ್ಕಿಲ್ಲ.

ಈಗ ಒಂದೊಂದಾಗಿ ನೋಡೋಣ.

1911 ಚೆಂದದ ಪಿಸ್ತೂಲು, ಅನುಮಾನವೇ ಬೇಡ. ಜಾನ್ ಬ್ರೌನಿಂಗ್ ಮಾಡಿದ ವಿನ್ಯಾಸ, ಟ್ರಿಗರು ನೇರವಾಗಿ ಹಿಂದೆ ಸರಿಯುತ್ತೆ, ಹಿಡಿಕೆ ತೆಳು. ಚಿಕ್ಕ ಕೈಗೂ ಕೂರುತ್ತೆ. ಆದರೆ ಮೂಲ .45 ಗುಂಡು ದುಬಾರಿ, ಮ್ಯಾಗಜಿನ್‌ಗೆ ಹಿಡಿಯುವುದು ಏಳೋ ಎಂಟೋ. 9 ಎಂಎಂ 1911 ಕೂಡ ಸಿಗುತ್ತೆ. ಬಿಚ್ಚಿ ಜೋಡಿಸುವುದು ಮಾತ್ರ ರಗಳೆ. ಮುಂದಿನ ಸ್ಪ್ರಿಂಗಿನ ಪ್ಲಗ್ಗು ಕೈತಪ್ಪಿದರೆ ಸೀದಾ ಸೋಫಾ ಕೆಳಗೆ. ಹಳೆಯದು ನೋಡಲು ಹೋದರೆ ಸ್ಲೈಡ್ ಸ್ಟಾಪಿನ (ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ, ಪಿನ್ ಇರುವ ಲಿವರ್) ಕೆಳಗೆ ಫ್ರೇಮಿನ ಮೇಲೆ ಕಮಾನಿನಂತೆ ಗೀರು ಇದೆಯಾ ನೋಡಿ. ಜೋಡಿಸುವಾಗ ಆ ಪಿನ್ನನ್ನು ಒರಟಾಗಿ ತಿರುಗಿಸಿದವರ ಗುರುತು ಅದು. ಪಿಸ್ತೂಲಿಗೆ ಏನೂ ಆಗಿರಲ್ಲ, ಹಿಂದಿನ ಯಜಮಾನನ ತಾಳ್ಮೆ ಎಷ್ಟಿತ್ತು ಅಂತ ಗೊತ್ತಾಗುತ್ತೆ. ಒಟ್ಟಿನಲ್ಲಿ 1911 ನಿಮ್ಮ ಎರಡನೇ ಪಿಸ್ತೂಲು ಆಗಲಿ.

ಉಳಿದ ಮೂರೂ ಡಬಲ್ ಆಕ್ಷನ್-ಸಿಂಗಲ್ ಆಕ್ಷನ್. ಹ್ಯಾಮರ್ (ಹಿಂದೆ ಇರುವ, ಗುಂಡು ಸಿಡಿಸಲು ಬಡಿಯುವ ಸುತ್ತಿಗೆ) ಕೆಳಗಿದ್ದರೆ ಮೊದಲ ಎಳೆತ ಉದ್ದ, ನಾಲ್ಕೈದು ಕಿಲೋ ಬಲ ಬೇಕು. ಆಮೇಲಿನವು ಚಿಕ್ಕವು, ಸುಮಾರು ಎರಡು ಕಿಲೋ. ಈ ಎರಡು ಬಗೆಯ ಎಳೆತ ರೂಢಿಯಾಗಲು ಸ್ವಲ್ಪ ದಿನ ಬೇಕು. ಅಂಗಡಿಯಲ್ಲಿ ನೀವು ಪರೀಕ್ಷಿಸಬೇಕಾದ್ದು ಇದೇ. ಪಿಸ್ತೂಲು ಖಾಲಿ ಅಂತ ನೀವೇ ಕಣ್ಣಾರೆ ನೋಡಿ. ಹ್ಯಾಮರ್ ಕೆಳಗಿರುವಾಗ ಹಿಡಿದು, ತೋರುಬೆರಳಿನ ಮೊದಲ ಗಿಣ್ಣಿನ ಮುಂದಿನ ಮೆತ್ತನೆ ಭಾಗ ಟ್ರಿಗರಿನ ಮೇಲೆ ಕೂರುತ್ತಾ ನೋಡಿ. ಬರೀ ಬೆರಳ ತುದಿ ಮುಟ್ಟಿದರೆ, ಇಲ್ಲವೇ ಎಟುಕಲು ಹಿಡಿಕೆಯನ್ನೇ ಕೈಯಲ್ಲಿ ತಿರುಗಿಸಬೇಕಾಗಿ ಬಂದರೆ, ಅದು ನಿಮ್ಮದಲ್ಲ. ಬೆರೆಟ್ಟಾ 92 ಬಹಳ ಜನರಿಗೆ ಇಲ್ಲೇ ಕೈಕೊಡುವುದು. ಹಿಡಿಕೆ ದಪ್ಪ, ಟ್ರಿಗರು ದೂರ. ಈ ಪರೀಕ್ಷೆಗೆ ಹೆಂಡತಿಯವರನ್ನು ಕರೆದುಕೊಂಡೇ ಹೋಗಿ. ಅವರ ಪರವಾಗಿ ನೀವು ಹಿಡಿದು ನೋಡಿದರೆ ಏನೂ ಗೊತ್ತಾಗಲ್ಲ.

ಸಿಝಡ್ 75 ಇದರಲ್ಲಿ ಪರವಾಗಿಲ್ಲ. ಕೌಟ್ಸ್ಕಿ ಸಹೋದರರ ವಿನ್ಯಾಸ, ಚೆಕ್ ದೇಶದ ಉಹೆರ್ಸ್ಕಿ ಬ್ರೋಡ್ ಊರಿನ ಕಾರ್ಖಾನೆಯದು. ಹೆಚ್ಚಿನ ಪಿಸ್ತೂಲುಗಳಲ್ಲಿ ಸ್ಲೈಡು ಫ್ರೇಮಿನ ಹೊರಗಿನಿಂದ ಅಪ್ಪಿಕೊಂಡಿರುತ್ತೆ. ಇದರಲ್ಲಿ ಮೇಜಿನ ಡ್ರಾಯರಿನಂತೆ ಫ್ರೇಮಿನ ಒಳಗೆ ಓಡುತ್ತೆ. ಬ್ಯಾರೆಲ್ ಕೈಗೆ ಹತ್ತಿರ ಕೆಳಗೆ ಕೂರುತ್ತೆ, ಅದಕ್ಕೇ ಮೂತಿ ಮೇಲೆ ಹಾರುವುದು ಕಡಿಮೆ. ಇದಕ್ಕೆ ತೆರುವ ಬೆಲೆಯೂ ಇದೆ. ಸ್ಲೈಡಿನ ಮೇಲ್ಭಾಗ ಗಿಡ್ಡ, ಹಿಡಿದು ಹಿಂದಕ್ಕೆ ಎಳೆಯಲು ಜಾಗ ಸಾಲದು. ಆಗಸ್ಟಿನ ಸೆಕೆಯಲ್ಲಿ ಬೆವರಿದ ಕೈ ಜಾರುತ್ತೆ. ಮೊದಲು ಹೆಬ್ಬೆರಳಿನಿಂದ ಹ್ಯಾಮರ್ ಹಿಂದಕ್ಕೆ ಏರಿಸಿಕೊಂಡು ಆಮೇಲೆ ಸ್ಲೈಡ್ ಎಳೆದರೆ ಎಷ್ಟೋ ಹಗುರ. ಹ್ಯಾಮರ್ ಏರಿಸುವ ಕೆಲಸ ಆಗಲೇ ಮುಗಿದಿರುತ್ತಲ್ಲ. ನಿಮ್ಮ ಹೆಂಡತಿಯವರಿಗೂ ಇದನ್ನು ಮೊದಲ ದಿನವೇ ಹೇಳಿಕೊಡಿ.

75ರಲ್ಲಿ 'ಬಿ' ಮಾದರಿಗೆ ಸೇಫ್ಟಿ ಇದೆ, ಡಿಕಾಕರ್ (ಏರಿದ ಹ್ಯಾಮರನ್ನು ಗುಂಡು ಹಾರದಂತೆ ಇಳಿಸುವ ಲಿವರ್) ಇಲ್ಲ. ಆ ಸೇಫ್ಟಿಯೂ ಹ್ಯಾಮರ್ ಏರಿದ್ದಾಗ ಮಾತ್ರ ಬೀಳುತ್ತೆ. ಅಂದರೆ ಗುಂಡು ಚೇಂಬರಿನಲ್ಲಿರುವಾಗ ಹ್ಯಾಮರ್ ಇಳಿಸಬೇಕು ಅಂದರೆ ಹೆಬ್ಬೆರಳಲ್ಲಿ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಬಿಡಬೇಕು. ಹೊಸಬರು ಆ ಸಹವಾಸಕ್ಕೇ ಹೋಗಬಾರದು. 'ಬಿ-ಡಿ' ಮಾದರಿಯಲ್ಲಿ ಸೇಫ್ಟಿ ಜಾಗದಲ್ಲಿ ಡಿಕಾಕರ್ ಇದೆ, ಒತ್ತಿದರೆ ಹ್ಯಾಮರ್ ತಾನೇ ಇಳಿಯುತ್ತೆ. ಮನೆಯಲ್ಲಿಡಲು ಅದೇ ವಾಸಿ. ಹೊಸದು ಸಿಗದಿದ್ದರೆ ಒಳ್ಳೆಯ ಸ್ಥಿತಿಯ ಹಳೆಯದನ್ನೇ ಹುಡುಕಿ. ಭಾರ ಜಾಸ್ತಿ ಅನ್ನಿಸಿದರೆ ಅದೇ ಮನೆತನದ ಪಿ-01 ನೋಡಿ. ಅಲ್ಯೂಮಿನಿಯಂ ಫ್ರೇಮು, ಸುಮಾರು 800 ಗ್ರಾಂ, ಡಿಕಾಕರ್ ಅದರಲ್ಲೂ ಇದೆ.

ಪಿ226 ಬಗ್ಗೆ ದೂರು ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ, ಬೆಲೆ ಒಂದು ಬಿಟ್ಟು. ಹೊಸದು ಸಾವಿರ ಡಾಲರ್ ದಾಟುತ್ತೆ. ಡಿಕಾಕರ್ ಹೆಬ್ಬೆರಳಿಗೇ ಸಿಗುತ್ತೆ, ಸ್ಲೈಡ್ ಸ್ಟೇನ್‌ಲೆಸ್ ಸ್ಟೀಲ್. ದುಡ್ಡಿನ ಯೋಚನೆ ಇಲ್ಲದಿದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಬೆರೆಟ್ಟಾ ಕೈಗೆ ಕೂತರೆ ಅದೂ ಸರಿ. ಎಫ್ಎಸ್‌ಗಿಂತ ಜಿ ಮಾದರಿ ಮೇಲು. ಎಫ್ಎಸ್‌ನಲ್ಲಿ ಲಿವರ್ ಸ್ಲೈಡಿನ ಮೇಲಿದೆ. ಸ್ಲೈಡ್ ಎಳೆಯುವಾಗ ಕೈತಾಗಿ ಸೇಫ್ಟಿ ಬಿದ್ದುಬಿಡಬಹುದು. ಜಿ ಮಾದರಿಯಲ್ಲಿ ಲಿವರ್ ಹ್ಯಾಮರ್ ಇಳಿಸಿ ತಾನೇ ಮೇಲೆ ಬರುತ್ತೆ. ಹಳೆಯ ಬೆರೆಟ್ಟಾ ಆದರೆ ಬ್ಯಾರೆಲ್ ಕೆಳಗಿನ ಲಾಕಿಂಗ್ ಬ್ಲಾಕಿನ (ಬ್ಯಾರೆಲನ್ನು ಸ್ಲೈಡಿಗೆ ಬಿಗಿದಿಡುವ ತುಂಡು) ಎರಡೂ ರೆಕ್ಕೆಯ ಬುಡದಲ್ಲಿ ಬಿರುಕು ಇದೆಯಾ ನೋಡಿ. ಅದು ಸವೆಯುವ ಭಾಗ, ಬದಲಾಯಿಸಬಹುದು. ಬೆಲೆ ಚೌಕಾಸಿಗೆ ಒಳ್ಳೆಯ ಕಾರಣ.

ಕೊಳ್ಳುವ ಮುಂಚೆ ಬಾಡಿಗೆಗೆ ಕೊಡುವ ರೇಂಜಿಗೆ ಹೋಗಿ, ಇಬ್ಬರೂ ಒಂದೊಂದು ಡಬ್ಬಿ ಗುಂಡು ಹಾರಿಸಿ ನೋಡಿ. ಬಾಡಿಗೆಯ ಸಣ್ಣ ಖರ್ಚು ನೂರಾರು ಡಾಲರ್ ಉಳಿಸುತ್ತೆ.

ಕಾನೂನು ಬೇಗ ಹೇಳಿ ಮುಗಿಸುತ್ತೇನೆ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು, ಟೆಕ್ಸಸ್‌ನಲ್ಲಿ ಅದಕ್ಕೆ ರಾಜ್ಯದ ಪರ್ಮಿಟ್ ಬೇಕಿಲ್ಲ. ಅಂಗಡಿಯಲ್ಲಿ ಫಾರ್ಮ್ 4473 ತುಂಬಬೇಕು, ಗ್ರೀನ್ ಕಾರ್ಡಿನ ಎ-ನಂಬರ್ ಕೇಳುತ್ತಾರೆ, ಆಮೇಲೆ ಹಿನ್ನೆಲೆ ತಪಾಸಣೆ. ನಿಜವಾದ ಖರೀದಿದಾರ ನೀವೇನಾ ಅನ್ನೋ ಪ್ರಶ್ನೆ ಅದರಲ್ಲಿದೆ. ಇನ್ನೂ ಎಚ್1ಬಿ ವೀಸಾದಲ್ಲಿರುವ ಗೆಳೆಯ "ನಿನ್ನ ಹೆಸರಲ್ಲಿ ನನಗೊಂದು ತಗೊಂಡು ಕೊಡು" ಅಂದರೆ ಸುತರಾಂ ಒಪ್ಪಬೇಡಿ. ಅದು ಫೆಡರಲ್ ಅಪರಾಧ. ಎಚ್1ಬಿಯವರಿಗೆ ಹಂಟಿಂಗ್ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳಲು ಫೆಡರಲ್ ಕಾನೂನಿನಲ್ಲಿ ಅವಕಾಶವಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಸೇಫಿನ ದುಡ್ಡನ್ನು ಪಿಸ್ತೂಲಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಗುಂಡು ತುಂಬಿದ ಪಿಸ್ತೂಲು 17 ವರ್ಷದೊಳಗಿನ ಮಗುವಿಗೆ ಎಟುಕುವಂತೆ ಅಜಾಗ್ರತೆಯಿಂದ ಇಟ್ಟು, ಅದು ಮಗುವಿನ ಕೈಗೆ ಸಿಕ್ಕರೆ ಅದು ಟೆಕ್ಸಸ್‌ನಲ್ಲಿ ಅಪರಾಧ.

ಉಕ್ಕು ತಗೊಂಡ ಮೇಲೆ ಶತ್ರು ತುಕ್ಕು. ರೇಂಜಿಂದ ಬಂದ ದಿನವೇ ಬಟ್ಟೆಗೆ ಎಣ್ಣೆ ಮುಟ್ಟಿಸಿ ಒರೆಸಿ. ಚರ್ಮದ ಹೋಲ್‌ಸ್ಟರ್‌ನಲ್ಲೇ ತಿಂಗಳುಗಟ್ಟಲೆ ಬಿಡಬೇಡಿ, ಚರ್ಮ ತೇವ ಹಿಡಿದಿಡುತ್ತೆ. ಇನ್ನು ಸಿಝಡ್ 75ರಲ್ಲಿ ಫೈರಿಂಗ್ ಪಿನ್ ತಡೆದಿಡುವ ಒಂದು ಸಣ್ಣ ರೋಲ್ ಪಿನ್ ಇದೆ. ಗುಂಡಿಲ್ಲದೆ ಟ್ರಿಗರ್ ಒತ್ತಿ ಒತ್ತಿ ಅಭ್ಯಾಸ ಮಾಡಿದರೆ ಅದು ಮುರಿಯಬಹುದು. ಪಿಸ್ತೂಲಿನ ಜೊತೆಗೇ ಒಂದು ಪ್ಯಾಕೆಟ್ ಸ್ನ್ಯಾಪ್ ಕ್ಯಾಪ್ (ಅಭ್ಯಾಸಕ್ಕೆ ಬಳಸುವ, ಸಿಡಿಯದ ನಕಲಿ ಗುಂಡು) ತಗೊಂಡು ಅದನ್ನು ಹಾಕಿಕೊಂಡೇ ಅಭ್ಯಾಸ ಮಾಡಿ.