ಏರಿಯ ಮೇಲೆ ವೇದಿಕೆ ಬೇಕಾ?

ಓದುಗರ ಪತ್ರ (ನಾಲ್ಕು ಪುಟ ಇತ್ತು, ಕತ್ತರಿಸಿದ್ದೇನೆ, ಬೇಜಾರಾಗಬೇಡಿ): "ಮೈಸೂರಿನ ಸರಸ್ವತಿಪುರಂನಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಹೋದ ವರ್ಷ ಮಗಳ ಮನೆಗೆಂದು ಅಮೆರಿಕದ ಮ್ಯಾಡಿಸನ್‌ಗೆ ಹೋಗಿದ್ದೆ. ಅಲ್ಲಿ ಬೇಸಿಗೆ ಪೂರ್ತಿ ಕೆರೆ ದಂಡೆಯಲ್ಲಿ ಹಾಡು, ತಿಂಡಿ, ಮಕ್ಕಳ ಆಟ. ಇಲ್ಲಿ ಹತ್ತು ಹೆಜ್ಜೆಗೆ ಕುಕ್ಕರಹಳ್ಳಿ ಕೆರೆ ಇದೆ. ಏಪ್ರಿಲ್, ಮೇನಲ್ಲಿ ವಾಕಿಂಗ್ ಬಿಟ್ಟರೆ ಏನೂ ನಡೆಯುವುದಿಲ್ಲ. ಏರಿಯ ಮೇಲೆ ವೇದಿಕೆ ಹಾಕಿ, ಶನಿವಾರ ಸಂಜೆ ಸಂಗೀತ, ತಿಂಡಿ ಮಳಿಗೆ, ದೀಪಾಲಂಕಾರ ಮಾಡಿದರೆ ಹೇಗೆ? ನಿಮ್ಮ ಪತ್ರಿಕೆ ಮುಂದಾಗಲಿ. ಮೈಕ್ ಸೆಟ್ ನನ್ನದು. ಜೂನ್ ಕೊನೆಗೆ ಮೊಮ್ಮಗಳು ಬರುತ್ತಾಳೆ, ಅವಳಿಗೆ ನಮ್ಮೂರ ಬೇಸಿಗೆ ತೋರಿಸಬೇಕು."

ಸಂಪಾದಕರ ಉತ್ತರ:

ಮೊದಲೇ ಒಂದು ತಪ್ಪೊಪ್ಪಿಗೆ. ನೀವು ಹೇಳಿದ್ದನ್ನು ನಾವು ಒಮ್ಮೆ ಮಾಡಿ ನೋಡಿದ್ದೇವೆ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಸಂಜೆ, ಇನ್ನೊಂದು ಕೆರೆಯ ದಂಡೆಯಲ್ಲಿ ಕವಿಗೋಷ್ಠಿ ಇಟ್ಟುಕೊಂಡಿದ್ದೆವು. ಐದೂವರೆಗೆ ಕುರ್ಚಿ ಮುಟ್ಟಿದರೆ ಕೈ ಸುಡುತ್ತಿತ್ತು. ಆರಕ್ಕೆ ಜನ ಬರಲು ಶುರುವಾದರು. ಆರೂವರೆಗೆ ಗಾಳಿ ಎದ್ದಿತು. ಮೂರನೇ ಕವಿ ಎರಡನೇ ಪದ್ಯಕ್ಕೆ ಬರುವ ಹೊತ್ತಿಗೆ ಮಳೆ. ಶಾಮಿಯಾನ ಒಂದು ಕಡೆ ಹಾರಿತು, ಬಾಳೆಎಲೆ, ಪೇಪರ್ ಲೋಟ ಎಲ್ಲ ಸೀದಾ ನೀರಿಗೆ. ಮಾರನೇ ದಿನ ನಾನೂ ಇನ್ನಿಬ್ಬರೂ ಪ್ಯಾಂಟು ಮಡಚಿಕೊಂಡು ಲೋಟ ಹೆಕ್ಕಿದೆವು. ಎಷ್ಟೋ ಸಿಗಲಿಲ್ಲ. ಅಂದಿನಿಂದ ಏರಿ, ಮೈಕು, ಮೇ ಈ ಮೂರು ಪದ ಒಟ್ಟಿಗೆ ಕೇಳಿದರೆ ನನಗೆ ಸ್ವಲ್ಪ ಗಾಬರಿ.

ಆದರೂ ನಿಮ್ಮ ಆಸೆ ತಪ್ಪಲ್ಲ. ಮ್ಯಾಡಿಸನ್ ಬೇಸಿಗೆಯ ಬಗ್ಗೆ ನೀವು ಬರೆದಿದ್ದೂ ಸುಳ್ಳಲ್ಲ. ಮೆಂಡೋಟಾ, ಮೊನೋನಾ ಎರಡು ದೊಡ್ಡ ಕೆರೆಗಳ ನಡುವಿನ ಸಣ್ಣ ಪಟ್ಟಿಯ ಮೇಲೆ ಆ ಊರಿನ ಪೇಟೆ ಕೂತಿದೆ. 1984ರಿಂದ ಅಲ್ಲಿನ ಕ್ಯಾಪಿಟಲ್ ಚೌಕದಲ್ಲಿ ಬೇಸಿಗೆಯ ಬುಧವಾರ ಸಂಜೆಗಳಲ್ಲಿ ವಾದ್ಯಗೋಷ್ಠಿ ನಡೆಯುತ್ತದೆ, ಜನ ಹುಲ್ಲಿನ ಮೇಲೆ ಕಂಬಳಿ ಹಾಸಿ ಬುತ್ತಿ ಬಿಚ್ಚುತ್ತಾರೆ. ವಿಶ್ವವಿದ್ಯಾಲಯದ ಟೆರೇಸಿನಲ್ಲಂತೂ ಮೆಂಡೋಟಾ ನೀರಿನ ಪಕ್ಕದಲ್ಲೇ ಹಾಡು. ಆದರೆ ಅದೇ ಕೆರೆ ಚಳಿಗಾಲದಲ್ಲಿ ಮಂಜುಗಡ್ಡೆಯಾಗಿ ಬಿದ್ದಿರುತ್ತದೆ. ತಿಂಗಳುಗಟ್ಟಲೆ ಮನೆಯೊಳಗೆ ಹೀಟರ್ ಮುಂದೆ ಕೂತವರಿಗೆ ಬೇಸಿಗೆ ಅಂದರೆ ಬಾಗಿಲು ತೆರೆದಂತೆ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂವರೆ ದಾಟಿದ ಮೇಲೆ. ಆಫೀಸು ಮುಗಿಸಿ, ಊಟ ಕಟ್ಟಿಕೊಂಡು ಬಂದರೂ ಇನ್ನೂ ಬೆಳಕು.

ನಮಗೆ ಹಾಗಾ? ಮೇನಲ್ಲಿ ಮೈಸೂರಿನ ಸೂರ್ಯ ಆರೂಮುಕ್ಕಾಲಿನೊಳಗೆ ಮುಳುಗುತ್ತಾನೆ. ಐದರವರೆಗೆ ಬಿಸಿಲು ನಮ್ಮನ್ನು ಒಳಗೆ ಕೂಡಿಹಾಕುತ್ತದೆ. ಮಧ್ಯೆ ಸಿಗುವ ಒಂದೂವರೆ ಗಂಟೆಯ ಮೇಲೆ ಭರಣಿ, ಕೃತ್ತಿಕೆ ಮಳೆಗಳ ಕಣ್ಣು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಶಾಮಿಯಾನದವರು ಏನನ್ನುತ್ತಾರೋ ಕೇಳಿ ನೋಡಿ.

ಮಳೆಯದ್ದು ಹೋಗಲಿ, ಅದಕ್ಕೆ ತಗಡು ಹಾಕಬಹುದು. ಹಕ್ಕಿಗಳಿಗೆ ಏನು ಮಾಡುತ್ತೀರಿ? ನೀವು ದಿನಾ ವಾಕ್ ಮಾಡುವವರು, ಕೆರೆಯ ನಡುಗಡ್ಡೆಯ ಮರಗಳನ್ನು ನೋಡಿಯೇ ಇರುತ್ತೀರಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ, ನೀರುಕಾಗೆ. ನಮ್ಮ ಕಡೆ ಹೆಜ್ಜಾರ್ಲೆಗಳು ಗೂಡು ಕಟ್ಟಿ ಮರಿ ಸಾಕುವುದೇ ಚಳಿಗಾಲದ ಕೊನೆಯಿಂದ ಬೇಸಿಗೆಯ ಕೊನೆಯವರೆಗೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲೂ ಇದೇ ಲೆಕ್ಕ. ಅಂದರೆ ನೀವು ಸಂಗೀತ ಇಡಬೇಕೆಂದ ಏಪ್ರಿಲ್, ಮೇನಲ್ಲೇ ಅಲ್ಲಿ ಬಾಣಂತನ. ಸಂಜೆ ಆರಕ್ಕೆ ಹಕ್ಕಿಗಳು ಗೂಡಿಗೆ ಮರಳುವ ಹೊತ್ತಿಗೆ ಸರಿಯಾಗಿ ನಾವು "ಹಲೋ, ಮೈಕ್ ಟೆಸ್ಟಿಂಗ್" ಅನ್ನುತ್ತೇವೆ. ಮೆಂಡೋಟಾ ಸುಮಾರು 39 ಚದರ ಕಿಲೋಮೀಟರ್ ಇದೆ. ಒಂದು ದಂಡೆಯಲ್ಲಿ ಗದ್ದಲವಾದರೆ ಬಾತುಕೋಳಿ ಇನ್ನೊಂದು ದಂಡೆಗೆ ಹೋಗುತ್ತದೆ. ನಮ್ಮದು ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಗೂಡಿನಲ್ಲಿ ಮರಿ ಬಿಟ್ಟು ಹಕ್ಕಿ ಎಲ್ಲಿಗೆ ಹೋಗಬೇಕು?

ನಿಮ್ಮ ಮೈಕ್ ಸೆಟ್ಟಿಗೂ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಶಾಲೆ, ಕಾಲೇಜು, ಆಸ್ಪತ್ರೆ ಸುತ್ತ ನೂರು ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಮಾಡಬಹುದು. ಕುಕ್ಕರಹಳ್ಳಿ ಕೆರೆ ಇರುವುದು ಮೈಸೂರು ವಿಶ್ವವಿದ್ಯಾಲಯದ ಸುಪರ್ದಿಯಲ್ಲಿ, ಪಕ್ಕದಲ್ಲೇ ಅದರ ಮಾನಸಗಂಗೋತ್ರಿ ಆವರಣ. ಪರೀಕ್ಷೆಗೆ ಓದುವ ಮಕ್ಕಳು ಅಲ್ಲಿ ಹಾಸ್ಟೆಲಿನಲ್ಲಿದ್ದಾರೆ.

ತಿಂಡಿ ಮಳಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಮ್ಮ ಲೋಟದ ಕಥೆ ಸಾಕು. ಒಂದೇ ಮಾತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಎಂಜಲು, ಕೊಳಚೆ ಕೊಳೆಯುವಾಗ ಉಳಿದದ್ದನ್ನೂ ಹೀರುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿದೆಯಲ್ವಾ? ವರ್ಷದಲ್ಲಿ ಕೆರೆ ತೀರಾ ಸೊರಗಿರುವ ಕಾಲ ಇದು.

ಹಾಗಾದರೆ ನಮ್ಮವರು ಬೇಸಿಗೆಯಲ್ಲಿ ಕೆರೆಯ ಹತ್ತಿರ ಸೇರುತ್ತಲೇ ಇರಲಿಲ್ಲವಾ? ಸೇರುತ್ತಿದ್ದರು, ಊರಿಗೆ ಊರೇ ಸೇರುತ್ತಿತ್ತು. ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ನನ್ನ ತಲೆಯಲ್ಲಿ ಓಡಿದ್ದು ಇದೇ. ನೀರು ಇಳಿದಾಗ ಗಾಡಿ ಕಟ್ಟಿಕೊಂಡು ಹೂಳೆತ್ತಲು ಹೋಗುತ್ತಿದ್ದರು. ಕೆರೆಯ ಗೋಡು ಮಣ್ಣು ಹೊಲಕ್ಕೆ ಗೊಬ್ಬರ, ಕೆರೆಗೆ ಜಾಗ. ಎತ್ತು ಇದ್ದವರು ಎತ್ತು ತರುತ್ತಿದ್ದರು, ಇಲ್ಲದವರು ಮಂಕರಿ ಹೊರುತ್ತಿದ್ದರು. ಏರಿಯ ಬಿರುಕು ಮುಚ್ಚುವುದು, ತೂಬು ನೋಡುವುದು, ಕೋಡಿಯ ಕಲ್ಲು ಸರಿಮಾಡುವುದು ಎಲ್ಲ ಮುಂಗಾರಿಗೆ ಮುಂಚೆ. ಮಲೆನಾಡಿನ ಸಾಗರ, ಸೊರಬದ ಕಡೆ ಈಗಲೂ ಬೇಸಿಗೆಯಲ್ಲಿ ಕೆರೆಬೇಟೆ ಉಂಟು. ನೀರು ತಗ್ಗಿದ ಕೆರೆಗೆ ನೂರಾರು ಜನ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಹಿಡಿದು ಒಟ್ಟಿಗೆ ಇಳಿಯುತ್ತಾರೆ, ಕೆಸರಿನಲ್ಲಿ ಎದ್ದು ಬಿದ್ದು ಮೀನು ಹಿಡಿಯುತ್ತಾರೆ. ದಡದ ಮೇಲೆ ನಿಂತವರ ಕೂಗಾಟವೇ ಅಲ್ಲಿನ ಸಂಗೀತ. ಗಂಗೆಪೂಜೆ, ಬಾಗಿನ, ಸೀರೆ ಕುಪ್ಪಸ ಎಲ್ಲ ಆಮೇಲೆ, ಕೆರೆ ತುಂಬಿ ಕೋಡಿ ಬಿದ್ದ ಮೇಲೆ. ಬೇಸಿಗೆಯಲ್ಲಿ ಕೆಲಸ, ಮಳೆಗಾಲದಲ್ಲಿ ಹಬ್ಬ.

ನಾವು ನಗರದವರು ಕೆಲಸ ಬಿಟ್ಟೆವು. ಹಬ್ಬ ಮಾತ್ರ ಇಟ್ಟುಕೊಂಡು, ಅದನ್ನೂ ಬೇಸಿಗೆಗೆ ತರಬೇಕು ಅನ್ನುತ್ತಿದ್ದೇವೆ.

ಅದಕ್ಕೇ ನನ್ನದೊಂದು ಎದುರು ಸಲಹೆ. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. ಪೂರ್ಣಯ್ಯ ನಾಲೆಯಿಂದ ಅದಕ್ಕೆ ಮಳೆನೀರು ಬರುತ್ತಿತ್ತು. ಆ ನಾಲೆ ಈಗ ಎಲ್ಲಿದೆ? ಒಂದು ಕಡೆ ಬಡಾವಣೆ, ಒಂದು ಕಡೆ ಕಟ್ಟಡದ ಕಲ್ಲುಮಣ್ಣು, ಇನ್ನೊಂದು ಕಡೆ ಲಂಟಾನ. ಏಪ್ರಿಲ್, ಮೇನಲ್ಲಿ ಅದರಲ್ಲಿ ನೀರು ಇರುವುದಿಲ್ಲ, ನಡೆಯಲು ಅದೇ ಸರಿಯಾದ ಕಾಲ. ನಾಲ್ಕು ಭಾನುವಾರ, ಬೆಳಗ್ಗೆ ಆರರಿಂದ ಎಂಟು. ನಾಲೆಯ ಒಂದೊಂದು ತುಂಡನ್ನು ನಡೆದು ನೋಡೋಣ. ಎಲ್ಲಿ ಕಟ್ಟಿದೆ, ಎಲ್ಲಿ ಚರಂಡಿ ಸೇರಿದೆ ಅಂತ ಮಕ್ಕಳೇ ನಕ್ಷೆ ಬರೆಯಲಿ. ಕೈಯಲ್ಲಿ ಎತ್ತುವಂಥ ಪ್ಲಾಸ್ಟಿಕ್ಕನ್ನು ಎತ್ತೋಣ, ಮಿಕ್ಕಿದ್ದಕ್ಕೆ ನಕ್ಷೆ ಹಿಡಿದು ಪಾಲಿಕೆಗೂ ವಿಶ್ವವಿದ್ಯಾಲಯಕ್ಕೂ ಹೋಗೋಣ. ನಡಿಗೆ ಮುಗಿಸಿ ಏರಿಗೆ ಬಂದರೆ ಅಲ್ಲಿ ಹಕ್ಕಿ ನೋಡಲು ದುರ್ಬೀನು ಇರಲಿ. ಮರಿಗಳಿಗೆ ತಾಯಿ ತನ್ನ ಗಂಟಲ ಚೀಲದೊಳಗಿಂದ ಮೀನು ತಿನ್ನಿಸುವುದನ್ನು ನೋಡಿದ ಮಗು ಮೊಬೈಲು ಕೇಳುವುದಿಲ್ಲ. ಸರಿ, ಅರ್ಧ ಗಂಟೆ ಕೇಳುವುದಿಲ್ಲ.

ಕುವೆಂಪು ನಡೆದ ಏರಿ ಅದು. ಅಷ್ಟು ಹೇಳಿ ಸುಮ್ಮನಾಗುತ್ತೇನೆ. ಆ ಮಾತನ್ನು ನಮ್ಮ ಪತ್ರಿಕೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಬರೆದಾಗಿದೆ.

ಸಂಗೀತ, ನಾಟಕ ಬೇಡವಾ? ಬೇಕು, ರಸ್ತೆಯ ಈಚೆ ಬನ್ನಿ. ಹುಣಸೂರು ರಸ್ತೆ ದಾಟಿದರೆ ಕಲಾಮಂದಿರ, ಅದರ ಆವರಣದಲ್ಲೇ ರಂಗಾಯಣ. 1989ರಲ್ಲಿ ಶುರುವಾದದ್ದು, ಬಿ.ವಿ. ಕಾರಂತರು ಮೊದಲ ನಿರ್ದೇಶಕರು. ಅಲ್ಲಿ ಪ್ರತಿ ಬೇಸಿಗೆ ಚಿನ್ನರ ಮೇಳ ನಡೆಯುತ್ತದೆ. ನೂರಾರು ಮಕ್ಕಳು ಹಾಡು, ಮುಖವಾಡ, ಮಣ್ಣು, ಬಣ್ಣ ಅಂತ ವಾರಗಟ್ಟಲೆ ಗಲಾಟೆ ಮಾಡಿ, ಕೊನೆಗೆ ನಾಟಕ ಆಡುತ್ತಾರೆ. ಕೆರೆಯಿಂದ ಕೂಗಳತೆ ದೂರದಲ್ಲಿ ಇಷ್ಟು ನಡೆಯುತ್ತಿರುವಾಗ ನಿಮ್ಮ ಪತ್ರದಲ್ಲಿ "ಏನೂ ನಡೆಯುವುದಿಲ್ಲ" ಅಂತ ಓದಿ ನಿಜವಾಗಿ ಸ್ವಲ್ಪ ಸಿಟ್ಟು ಬಂತು. ಮಕ್ಕಳ ನಾಟಕಕ್ಕೆ ಅಪ್ಪ ಅಮ್ಮ ಮಾತ್ರ ಹೋಗಬೇಕು ಅಂತ ಎಲ್ಲಿದೆ? ರಂಗಾಯಣದ ಬಯಲು ರಂಗಮಂದಿರ ವನರಂಗದಲ್ಲಿ ಕೂತರೆ ತಲೆಯ ಮೇಲೆ ಆಕಾಶವೇ ಇದೆ, ನೀವು ಮ್ಯಾಡಿಸನ್‌ನಲ್ಲಿ ಕಂಡದ್ದೇ.

ಇನ್ನು ನಮ್ಮ ಬೀದಿಯ ರಾಮನವಮಿ. ಹೆಸರುಬೇಳೆ ಕೋಸಂಬರಿ, ಬೆಲ್ಲ ಶುಂಠಿ ಏಲಕ್ಕಿಯ ಪಾನಕ, ನೀರುಮಜ್ಜಿಗೆ. ಒಂದು ಚಪ್ಪರ, ಎರಡು ಕೊಳಗ, ನಾಲ್ಕು ಹುಡುಗರು. ಯಾರು ಬಂದರೂ ಕೊಡುತ್ತಾರೆ, ಯಾವ ಜಾತಿ ಯಾವ ಬೀದಿ ಅಂತ ಕೇಳುವುದಿಲ್ಲ. ಬೈಕಿನಲ್ಲಿ ಹೋಗುವವನನ್ನು ಅಡ್ಡಗಟ್ಟಿ ಕುಡಿಸುತ್ತಾರೆ. ಕರಪತ್ರ ಇಲ್ಲ, ಮುಖ್ಯ ಅತಿಥಿ ಇಲ್ಲ, ಹಾಗಾಗಿ ಅದನ್ನು ಕಾರ್ಯಕ್ರಮ ಅಂತ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈಚೆಗೆ ಪ್ಲಾಸ್ಟಿಕ್ ಲೋಟ ಬಂದಿರುವುದೊಂದೇ ನನ್ನ ತಕರಾರು. ನಿಮ್ಮ ಮೈಕ್ ಸೆಟ್ಟಿನ ದುಡ್ಡಲ್ಲಿ ಇನ್ನೂರು ಸ್ಟೀಲ್ ಲೋಟ ಬರುತ್ತೆ. ಯೋಚನೆ ಮಾಡಿ.

ಕೊನೆಯದಾಗಿ ನಿಮ್ಮ ಮೊಮ್ಮಗಳು. ಅಲ್ಲಿನ ಶಾಲೆ ಬಿಡುವುದೇ ಜೂನ್‌ನಲ್ಲಿ. ಅವಳು ಇಲ್ಲಿಗೆ ಬರುವಾಗ ನಮ್ಮ ಬೇಸಿಗೆ ಮುಗಿದು, ನಮ್ಮ ಮಕ್ಕಳು ಹೊಸ ಪುಸ್ತಕಕ್ಕೆ ಬೈಂಡು ಹಾಕಿಸಿ ತಿಂಗಳಾಗಿರುತ್ತದೆ. ಚಿನ್ನರ ಮೇಳ ಮುಗಿದಿರುತ್ತದೆ, ಹೆಜ್ಜಾರ್ಲೆಗಳಲ್ಲಿ ಹೆಚ್ಚಿನವು ಮರಿ ಎಬ್ಬಿಸಿಕೊಂಡು ಹೊರಟಿರುತ್ತವೆ. ತೋರಿಸಲು ಬೇಸಿಗೆ ಇರುವುದಿಲ್ಲ. ಆದರೆ ಮೇನಲ್ಲಿ ನಾವು ನಾಲೆಯ ಒಂದು ತುಂಡನ್ನಾದರೂ ಬಿಡಿಸಿದ್ದರೆ, ಜೋರು ಮಳೆ ಬಂದ ಮಾರನೇ ಬೆಳಗ್ಗೆ ಕೊಡೆ ಹಿಡಿದು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಕೆಂಪು ನೀರು ಕೆರೆಗೆ ಇಳಿಯುತ್ತಿದೆಯೋ ಇಲ್ಲವೋ ನೋಡಿ ನನಗೊಂದು ಪತ್ರ ಬರೆಯಿರಿ. ಆ ಪತ್ರವನ್ನು ಕತ್ತರಿಸುವುದಿಲ್ಲ.

ಮೊದಲ ನಡಿಗೆ ಏಪ್ರಿಲ್‌ನ ಮೂರನೇ ಭಾನುವಾರ, ಕಲಾಮಂದಿರದ ಎದುರಿನ ಗೇಟಿನ ಹತ್ತಿರ, ಬೆಳಗ್ಗೆ ಆರಕ್ಕೆ. ಟೋಪಿ ಮತ್ತು ನೀರಿನ ಬಾಟಲಿ ತನ್ನಿ. ಮೈಕ್ ಬೇಡ.